ಬಚ್ಚಿಟ್ಟ ಬೀಡಿ

ಭಾನುವಾರದ ಬಲಿಪೂಜೆ ಮುಗಿದು ಜನರು ಹೊರಗೆ ಬರುವ ಹೊತ್ತಿನಲ್ಲಿ ದೇವಾಲಯದ ಗೇಟಿನ ಆಚೆ ನೀವು ಎಂದಾದರೂ ಸುಮ್ಮನೆ ನಿಂತು ನೋಡಿದ್ದೀರಾ? ಕೊಪ್ಪವಾಗಲಿ, ಶೃಂಗೇರಿಯಾಗಲಿ, ನರಸಿಂಹರಾಜಪುರವಾಗಲಿ, ನೋಟ ಹೆಚ್ಚುಕಡಿಮೆ ಒಂದೇ. ಹೆಂಗಸರು ಮಕ್ಕಳನ್ನು ಒಟ್ಟು ಮಾಡಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಅವಸರಪಡುತ್ತಿರುತ್ತಾರೆ. ನಾಲ್ಕೈದು ಮಂದಿ ಗಂಡಸರು ಗೂಡಂಗಡಿಯ ಮರೆಗೆ ಸರಿದು ಬೀಡಿಯನ್ನೋ ಸಿಗರೇಟನ್ನೋ ಹಚ್ಚಿರುತ್ತಾರೆ. ಅಷ್ಟರಲ್ಲಿ ಗುರುಗಳು ಇನ್ನೊಂದು ಊರಿನ ಪೂಜೆಗೆ ಹೊರಟು ಅದೇ ದಾರಿಯಲ್ಲಿ ಬರುತ್ತಾರೆ. ತಕ್ಷಣ ಕೈಗಳೆಲ್ಲ ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ. "ನಮಸ್ಕಾರ ಫಾದರ್" ಎಂಬ ಮಾತು ಮುಂದಿನಿಂದ ಬರುತ್ತದೆ, ಹೊಗೆ ಹಿಂದಿನಿಂದ ಏಳುತ್ತದೆ. ಗುರುಗಳು ನೋಡಿಯೂ ನೋಡದವರಂತೆ ಮುಂದೆ ಹೋಗುತ್ತಾರೆ. ಅವರು ತಿರುವಿನಲ್ಲಿ ಮರೆಯಾದ ಕೂಡಲೇ ಕೈ ಮತ್ತೆ ಬಾಯಿಗೆ.

ಇದನ್ನು ನೋಡಿ ನಗಬಹುದು. ಆದರೆ ಹೀಗೆ ಬಚ್ಚಿಡುವವರು ಹುಡುಗರಲ್ಲ. ಮೀಸೆ ನರೆತವರು, ಮಗಳ ಮದುವೆ ಮಾಡಿದವರು. ನಮ್ಮ ಮಲೆನಾಡಿನಲ್ಲಿ ಐವತ್ತು ವರ್ಷದ ಮಗನೂ ಅಪ್ಪನ ಎದುರು ಬೀಡಿ ಸೇದುವುದಿಲ್ಲ. ಅಪ್ಪನಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದೆ ಎಂಬುದು ಮಗನಿಗೂ ಗೊತ್ತು. ಆದರೂ ಬಚ್ಚಿಡುವುದು ಮರ್ಯಾದೆ. ಶೃಂಗೇರಿಯಲ್ಲಿ ದೇವಸ್ಥಾನದ ಬೀದಿಗೆ ಬರುವಾಗ ಬೀಡಿಯನ್ನು ಆರಿಸಿ ಕಿವಿಯ ಸಂದಿಗೆ ಸಿಕ್ಕಿಸಿಕೊಳ್ಳುವವನು, ಅದೇ ಬೀಡಿಯನ್ನು ತನ್ನ ಮನೆಯ ಅಡುಗೆಮನೆಯಲ್ಲಿ, ತೊಟ್ಟಿಲ ಮಗುವಿನ ಪಕ್ಕದಲ್ಲಿ, ಒಲೆಯ ಕೊಳ್ಳಿಯಿಂದ ಹಚ್ಚಿಕೊಳ್ಳುತ್ತಾನೆ. ಅವನು ಕೆಟ್ಟವನಲ್ಲ. ಚಿಕ್ಕಂದಿನಿಂದ ಅವನು ಕಲಿತ ಪಾಠ ಬೇರೆ: ಸೇದುವುದು ತಪ್ಪಲ್ಲ, ದೊಡ್ಡವರ ಕಣ್ಣಿಗೆ ಬೀಳುವುದು ತಪ್ಪು.

ಪ್ರಿಯ ವಾಚಕರೇ, ತಂಬಾಕಿನ ವಿರುದ್ಧ ಇಷ್ಟು ವರ್ಷಗಳಿಂದ ಭಾಷಣ, ಭಿತ್ತಿಪತ್ರ, ಕಾನೂನು ಎಲ್ಲ ಆಗಿಯೂ ನಮ್ಮ ಮನೆಗಳಲ್ಲಿ ಅದು ಯಾಕೆ ಉಳಿದಿದೆ ಎಂದು ಯೋಚಿಸುವಾಗ ನನಗೆ ಮೊದಲು ಕಾಣುವುದು ಬೆನ್ನ ಹಿಂದಿನ ಆ ಕೈ. "ಸೇದಬೇಡ" ಎಂದು ನಾವು ಹೇಳುತ್ತೇವೆ. ಅದು ಅವರ ಕಿವಿಗೆ "ನನ್ನ ಕಣ್ಣಿಗೆ ಬೀಳಬೇಡ" ಎಂದು ಕೇಳಿಸುತ್ತದೆ. ಅವರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಬರೆಯಲು ಸುಲಭವಲ್ಲದಿದ್ದರೂ ಬರೆಯುತ್ತೇನೆ. 2009ರ ಬೇಸಿಗೆಯಲ್ಲಿ ನನ್ನ ಹಿರಿಯ ಮಗಳ ಪ್ರಥಮ ಪರಮಪ್ರಸಾದ. ಅದಕ್ಕೆ ಹಿಂದಿನ ವರ್ಷ, 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮ ಬಿಗಿಯಾಗಿತ್ತು. ನಾನು ಆಗ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಂದ ಬೀಡಿ ಸಿಗರೇಟಿನ ಚಿತ್ರಕ್ಕೆ ಅಡ್ಡಗೆರೆ ಹಾಕಿಸಿ ಗೋಡೆಗೆ ಅಂಟಿಸುತ್ತಿದ್ದವಳು. ಊಟಕ್ಕೆ ನೆಂಟರೆಲ್ಲ ಕೂತಿದ್ದರು. ನನ್ನ ಪಪ್ಪ ಜಗಲಿಯ ತುದಿಯಲ್ಲಿ ಬೀಡಿ ಹಚ್ಚಿದರು. ಮಗಳು ಅವರ ತೊಡೆಯ ಮೇಲೆ ಕೂರಲು ಓಡಿದಳು. ನಾನು ಎಲ್ಲರಿಗೂ ಕೇಳುವಂತೆ, "ಪರಮಪ್ರಸಾದ ಸ್ವೀಕರಿಸುವ ಬಾಯಲ್ಲಿ ಬೀಡಿ ಇಟ್ಟುಕೊಳ್ಳಲು ನಾಚಿಕೆಯಾಗುವುದಿಲ್ಲವಾ ಪಪ್ಪಾ? ಮಗು ಹತ್ತಿರ ಬಂದರೆ ವಾಸನೆ" ಎಂದೆ. ಯಾರೋ ನಕ್ಕರು. ಪಪ್ಪನೂ ನಕ್ಕರು. ಬೀಡಿಯನ್ನು ಕಂಬಕ್ಕೆ ಒತ್ತಿ ಆರಿಸಿ, ಎದ್ದು ಅಂಗಳಕ್ಕೆ ಇಳಿದು ಹೋದರು.

ಅಂದಿನಿಂದ ಅವರು ನಮ್ಮ ಎದುರು ಸೇದಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ತರಗತಿಯಲ್ಲಿ ಇದನ್ನೊಂದು ಸಾಕ್ಷ್ಯದಂತೆ ಹೇಳಿದೆ ಕೂಡ. ಅವರು ಸೇದುವ ಜಾಗ ಬದಲಾಗಿತ್ತು, ಅಷ್ಟೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಹೊಗೆಗೇನು ಕೊರತೆ? ಅಲ್ಲಿ ಬೀಡಿಯ ಹೊಗೆ ಯಾವುದು, ಸೌದೆಯ ಹೊಗೆ ಯಾವುದು ಎಂದು ಯಾರು ಕಂಡರು? ಕೆಮ್ಮು ಬಂದರೆ ಚೊಗರಿನ ಆವಿಗೆ ಎನ್ನುತ್ತಿದ್ದರು. 2012ರ ಮಳೆಗಾಲದಲ್ಲಿ ಅವರನ್ನು ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಫದಲ್ಲಿ ರಕ್ತ ಎಂದಿನಿಂದ ಎಂದು ವೈದ್ಯರು ಕೇಳಿದಾಗ ಪಪ್ಪ ನನ್ನ ಮುಖ ನೋಡಿ, "ಅಡಿಕೆ ಕೊಯ್ಲಿನ ಹೊತ್ತಿಗೇ ಶುರುವಾಗಿತ್ತು" ಎಂದರು. ಎಂಟು ತಿಂಗಳಾಗಿತ್ತು. ಹೊರಗೆ ಬಂದ ಮೇಲೆ, "ಯಾಕೆ ಹೇಳಲಿಲ್ಲ ಪಪ್ಪಾ?" ಎಂದು ಕೇಳಿದೆ. "ಹೇಳಿದ್ರೆ ನೀನು ಬೈತೀಯ ಅಂತ ಹೇಳ್ಲಿಲ್ಲ ಮಗಳೇ" ಎಂದರು. ಕ್ರಿಸ್ಮಸ್ಸಿಗೆ ಅವರು ಇರಲಿಲ್ಲ.

ರೋಗ ತಂದದ್ದು ನನ್ನ ಮಾತಲ್ಲ, ಬೀಡಿ. ಅದನ್ನು ನಾನು ಬಲ್ಲೆ. ನನ್ನ ಪಾಪನಿವೇದನೆ ಕೇಳಿದ ಗುರುಗಳೂ ಅದನ್ನೇ ಹೇಳಿದರು. ಆದರೆ ಆ ಎಂಟು ತಿಂಗಳು ಅವರು ಬಂದು ಹೇಳಿಕೊಳ್ಳಬಹುದಾಗಿದ್ದ ಒಂದು ಬಾಗಿಲಿತ್ತು. ಅದಕ್ಕೆ ಚಿಲಕ ಹಾಕಿದವಳು ನಾನು. ಆದ್ದರಿಂದ ಈ ಪ್ರಶ್ನೆ ನನಗೆ ಬರೀ ಚರ್ಚೆಯ ವಿಷಯವಲ್ಲ: ಒಬ್ಬ ಮನುಷ್ಯನಲ್ಲಿ ತಪ್ಪಿನ ಅರಿವು ಹುಟ್ಟಿಸಿದರೆ ಅವನು ಒಳ್ಳೆಯವನಾಗುತ್ತಾನೆಯೇ?

ನಾವು ಕಥೋಲಿಕರು ಪಾಪಪ್ರಜ್ಞೆಯನ್ನು ಹಗುರವಾಗಿ ಕಾಣುವವರಲ್ಲ. ಪ್ರತಿ ಪೂಜೆಯ ಆರಂಭದಲ್ಲಿ ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳುತ್ತೇವೆ. ತಪ್ಪು ಮಾಡಿಯೂ ಮನಸ್ಸು ಚುಚ್ಚದವನು ಆರೋಗ್ಯವಂತನಲ್ಲ. ಆದರೆ ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ದೇವರ ಮುಂದೆ, ತನ್ನ ಅಂತಃಸಾಕ್ಷಿಯ ಮುಂದೆ "ನಾನು ಮಾಡಿದ್ದು ಸರಿಯಲ್ಲ" ಎಂದು ಅರಿಯುವುದು ಒಂದು. ನಾಲ್ಕು ಜನರ ಮುಂದೆ "ನನ್ನ ಮಾನ ಹೋಯಿತು" ಎಂದು ಕುಗ್ಗುವುದು ಇನ್ನೊಂದು. ಮೊದಲನೆಯದು ಮನುಷ್ಯನನ್ನು ಯಾರದೋ ಬಳಿಗೆ ಕರೆದೊಯ್ಯುತ್ತದೆ. ಎರಡನೆಯದು ಎಲ್ಲರಿಂದ ದೂರ ಒಯ್ಯುತ್ತದೆ. ದೇವರ ಚಿತ್ತಕ್ಕೆ ಅನುಸಾರವಾದ ದುಃಖ ಮತ್ತು ಲೋಕದ ದುಃಖ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಏಳನೇ ಅಧ್ಯಾಯದಲ್ಲಿ ಬೇರ್ಪಡಿಸುವುದು ಇದನ್ನೇ. ಅಂದು ಜಗಲಿಯಲ್ಲಿ ನಾನು ಹುಟ್ಟಿಸಿದ್ದು ಎರಡನೆಯದನ್ನು. ಹೆಸರು ಮಾತ್ರ ಪರಮಪ್ರಸಾದದ್ದು.

ಪವಿತ್ರ ವಾರದಲ್ಲಿ ಯೂದನ ಕಥೆ ಓದುವಾಗ ನಾವು ಒಂದು ವಿವರವನ್ನು ದಾಟಿಹೋಗುತ್ತೇವೆ. ಮತ್ತಾಯನ ಶುಭಸಂದೇಶದ 27ನೇ ಅಧ್ಯಾಯ ತೆಗೆದು ನೋಡಿ. ಯೂದ ಪಶ್ಚಾತ್ತಾಪಪಟ್ಟ. ಹಣವನ್ನು ಹಿಂದಕ್ಕೆ ತಂದ. ತಾನು ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದ ಕೂಡ. ಹೇಳಿದ್ದು ಯಾರ ಮುಂದೆ? ಮುಖ್ಯ ಯಾಜಕರ ಮುಂದೆ. ಅವರು, ಅದು ನಿನ್ನ ಪಾಡು, ನಮಗೇನು ಎಂದು ಕೈತೊಳೆದುಕೊಂಡರು. ಅಲ್ಲಿಂದ ಅವನು ನೇರ ಹೋದದ್ದು ನೇಣಿಗೆ. ಪೇತ್ರನೂ ಅದೇ ರಾತ್ರಿ ಜಾರಿದವನು. ಅವನು ಗುರುವನ್ನು ಅರಿಯೆನೆಂದದ್ದು ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ. ಪುನರುತ್ಥಾನದ ನಂತರ ಯೇಸುಸ್ವಾಮಿ ಸರೋವರದ ದಡದಲ್ಲಿ ಅವನಿಗಾಗಿ ಕಾದಾಗ ಅಲ್ಲಿಯೂ ಇದ್ದಲಿನ ಬೆಂಕಿ. ಯೊವಾನ್ನರು ಎರಡೂ ಕಡೆ ಬಳಸಿರುವ ಗ್ರೀಕ್ ಪದ ಒಂದೇ. ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಆ ಎರಡೇ ಜಾಗದಲ್ಲಿ. ಆ ಹೊಗೆಯ ವಾಸನೆಗೆ ಪೇತ್ರನಿಗೆ ಎಲ್ಲವೂ ನೆನಪಾಗಿರಬೇಕು. ಸ್ವಾಮಿ ಆ ನೆನಪನ್ನು ಮರೆಮಾಚಲಿಲ್ಲ, ಎತ್ತಿ ಆಡಲೂ ಇಲ್ಲ. ಮೊದಲು ಬಂದು ತಿನ್ನಿರಿ ಎಂದು ಕರೆದರು. ಮೀನು ಸುಟ್ಟಾಗಿತ್ತು. ಪ್ರಶ್ನೆ ಬಂದದ್ದು ಊಟವಾದ ಮೇಲೆ.

ಈಗ ನಮ್ಮ ಕಾಲದ ಸಂದೇಶಗಳ ಕಡೆ ಬರೋಣ. ಸಿನಿಮಾ ಮಂದಿರದಲ್ಲಿ ಗುಟ್ಕಾ ತಿಂದು ಬಾಯಿ ಕ್ಯಾನ್ಸರಿಗೆ ತುತ್ತಾದ ಮುಕೇಶ್ ಎಂಬ ತರುಣನ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. 2009ರಲ್ಲಿ ತೀರಿಕೊಂಡಾಗ ಅವನಿಗೆ 24 ವರ್ಷ. ಮೊದಮೊದಲು ಸಭಾಂಗಣ ಗಪ್‌ಚುಪ್ ಆಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಹುಡುಗರು ಅವನ ಧ್ವನಿಯನ್ನು ಅನುಕರಿಸಿ ನಗತೊಡಗಿದರು. ಎಂಥ ಕಲ್ಲುಮನಸ್ಸು ಎಂದು ನನಗೆ ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅಂದು ಪಪ್ಪ ನಕ್ಕದ್ದೂ ಇದೇ ನಗು. ಹೆದರಿಕೆಯನ್ನೂ ಅವಮಾನವನ್ನೂ ಹೊತ್ತು ಕೂತವನಿಗೆ ಹೋಗಲು ದಾರಿ ಕಾಣದಿದ್ದರೆ ನಗದೆ ಇನ್ನೇನು ಮಾಡಿಯಾನು?

ಪೊಟ್ಟಣದ ಮೇಲಿನ ಚಿತ್ರಗಳು 2009ರ ಮೇ 31ರಿಂದ ಬಂದವು. 2016ರ ಏಪ್ರಿಲ್‌ನಿಂದ ಅವು ಪೊಟ್ಟಣದ ನೂರಕ್ಕೆ 85 ಭಾಗವನ್ನು ಆವರಿಸಿವೆ. ಅವು ವ್ಯರ್ಥವೆಂದು ನಾನು ಹೇಳುವುದಿಲ್ಲ. 2016-17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಸಿಗರೇಟು ಸೇದುವವರಲ್ಲಿ ನೂರಕ್ಕೆ 62 ಮಂದಿ, ಬೀಡಿ ಸೇದುವವರಲ್ಲಿ 54 ಮಂದಿ ಆ ಎಚ್ಚರಿಕೆಯನ್ನು ನೋಡಿ ಬಿಡಬೇಕೆಂದು ಯೋಚಿಸಿದ್ದರು. ಹಿಂದಿನ ಹನ್ನೆರಡು ತಿಂಗಳಲ್ಲಿ ನಿಜಕ್ಕೂ ಬಿಡಲು ಪ್ರಯತ್ನಿಸಿದ್ದವರು ನೂರಕ್ಕೆ 38ರಷ್ಟು. ಹಾಗೆ ಪ್ರಯತ್ನಿಸಿದವರಲ್ಲಿ ಹತ್ತಕ್ಕೆ ಏಳು ಮಂದಿ ಯಾರ ನೆರವೂ ಇಲ್ಲದೆ ಒಬ್ಬೊಬ್ಬರೇ ಹೆಣಗಿದ್ದರು. ಈ ಕೊನೆಯ ಲೆಕ್ಕವನ್ನು ಇನ್ನೊಮ್ಮೆ ಓದಿ. ಬಿಡಬೇಕೆಂಬ ಮನಸ್ಸು ಇವರಿಗೆ ಇತ್ತು. ಜೊತೆಗೆ ನಿಲ್ಲುವವರು ಇರಲಿಲ್ಲ. ಅಂದಹಾಗೆ ನಮ್ಮ ಹಳ್ಳಿಗಳಲ್ಲಿ ಆ ಚಿತ್ರವನ್ನು ದಿನವೂ ನೋಡುವವನು ಅಂಗಡಿಯವನು. ಬಿಡಿಯಾಗಿ ಮಾರಬಾರದೆಂದು ಎಷ್ಟು ಹೇಳಿದರೂ ಒಂದೇ ಸಿಗರೇಟು ಕೇಳಿ ತೆಗೆದುಕೊಳ್ಳುವವನ ಕೈಗೆ ಪೊಟ್ಟಣವೇ ಬರುವುದಿಲ್ಲ.

ಇನ್ನು ನಮ್ಮ ತಾಯಂದಿರ, ಅಜ್ಜಿಯಂದಿರ ಮಾತು. "ಧೂಮಪಾನ ಹಾನಿಕರ" ಎಂಬ ಮಾತು ಅವರ ಮನೆಬಾಗಿಲನ್ನೇ ತಟ್ಟುವುದಿಲ್ಲ. ಹೆಣ್ಣು ಬೀಡಿ ಸೇದಿದರೆ ಊರೆಲ್ಲ ಸುದ್ದಿ. ಅದೇ ಹೆಣ್ಣು ಎಲೆ ಅಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪು ಹಾಕಿಕೊಂಡರೆ ಅದು ಮನೆತನದ ಲಕ್ಷಣ. ಹೆಸರಿನಲ್ಲೇ ಹೊಗೆಯಿದ್ದರೂ ಹೊಗೆ ಕಾಣದ್ದರಿಂದ ಅದಕ್ಕೆ ಕ್ಷಮೆ. ಸುಗ್ಗಿಯ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರಿಗೆ ನಿದ್ದೆ ತೂಗದಿರಲೆಂದು ತಟ್ಟೆಯಲ್ಲಿ ಎಲೆ, ಸುಣ್ಣ, ಕಡ್ಡಿಪುಡಿ ಇಟ್ಟವರು ನಾವೇ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಮನೆಗಳ ಅಮ್ಮಚ್ಚಿಯರ ಮುರುಕ್ಕಾನ್ ಡಬ್ಬಿಯನ್ನು, ಕೊಪ್ಪದ ಹಳೆಯ ಮನೆಗಳ ನಶ್ಯದ ಡಬ್ಬಿಯನ್ನು ನೆನಪಿಸಿಕೊಳ್ಳಿ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ನೂರಕ್ಕೆ 8.8 ಮಂದಿ, ಹೊಗೆಯಿಲ್ಲದ ತಂಬಾಕು ಬಳಸುವವರು 16.3 ಮಂದಿ. ಸೇದುವವರಿಗಿಂತ ಜಗಿಯುವವರು ಹೆಚ್ಚುಕಡಿಮೆ ಇಮ್ಮಡಿ ಇರುವ ನಾಡಿನಲ್ಲಿ ನಮ್ಮ ಭಿತ್ತಿಪತ್ರಗಳ ಮೇಲೆಲ್ಲ ಉರಿಯುವ ಸಿಗರೇಟಿನದೇ ಚಿತ್ರ! ಗಂಡಸರು ಮಾತ್ರ ಅಪರಾಧಿಗಳು, ಹೆಂಗಸರು ಮಾತ್ರ ಬುದ್ಧಿ ಹೇಳುವವರು ಎಂಬ ಈ ಹಂಚಿಕೆ ಎಷ್ಟು ಸುಳ್ಳೋ ನಮಗೆ ಅಷ್ಟೇ ಹಿತವಾಗಿದೆ.

ಇಲ್ಲಿಗೆ ಬಂದ ಮೇಲೆ ಅಡಿಕೆಯ ಮಾತನ್ನು ಆಡದೆ ಇರುವುದು ಪ್ರಾಮಾಣಿಕತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ತಜ್ಞರನ್ನು ಸೇರಿಸಿ, ತಂಬಾಕು ಇಲ್ಲದಿದ್ದರೂ ಅಡಿಕೆಯೇ ಮನುಷ್ಯನಿಗೆ ಕ್ಯಾನ್ಸರ್‌ಕಾರಕ ಎಂದು ನಿರ್ಣಯಿಸಿತು. 2013ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕ ಸರಕಾರ ಗುಟ್ಕಾವನ್ನು ನಿಷೇಧಿಸಿತು. ಆಗ ನಮ್ಮ ಮೂರೂ ತಾಲೂಕುಗಳಲ್ಲಿ ಎದ್ದ ಮಾತು ನಿಮಗೆ ನೆನಪಿರಬಹುದು: ಇದು ಬೆಳೆಗಾರನ ಕೊರಳು ಹಿಸುಕುವ ಪಿತೂರಿ. ನಾನೂ ಅದನ್ನೇ ಹೇಳಿದೆ. ಬೀಡಿಗಾಗಿ ಅಪ್ಪನನ್ನು ನಾಲ್ಕು ಜನರ ಮುಂದೆ ಕುಗ್ಗಿಸಿದ ನಾನು ಅಡಿಕೆಯ ವಿಷಯ ಬಂದಾಗ, ಅವರನ್ನು ಕಳೆದುಕೊಂಡು ವರ್ಷ ತುಂಬುವ ಮೊದಲೇ, "ಮದುವೆ ಮುಂಜಿಗೆ, ದೇವರ ಪೂಜೆಗೆ ಬೇಕಾಗುವ ಅಡಿಕೆಯಲ್ಲಿ ಎಂಥ ವಿಷ?" ಎಂದು ವಾದಿಸಿದೆ. ನನ್ನ ಓದು, ನನ್ನ ಮದುವೆಯ ಸರ, ನನ್ನ ಮಗಳ ಪ್ರಥಮ ಪರಮಪ್ರಸಾದದ ಊಟ, ಎಲ್ಲವೂ ಅಡಿಕೆಯ ದುಡ್ಡು. ತಪ್ಪು ನಮ್ಮ ಅನ್ನದ ತಟ್ಟೆಯ ಹತ್ತಿರ ಬಂದಾಗ ನಾಚಿಕೆ ಸಿಟ್ಟಾಗುತ್ತದೆ. ಬೀಡಿ ಸೇದುವವನು "ನಮ್ಮಜ್ಜ ತೊಂಬತ್ತು ವರ್ಷ ಸೇದಿ ಬದುಕಿದ್ದ" ಎನ್ನುವುದಕ್ಕೂ, ನಾವು "ನಮ್ಮಜ್ಜಿ ತೊಂಬತ್ತು ವರ್ಷ ಎಲೆ ಅಡಿಕೆ ಹಾಕಿ ಬದುಕಿದ್ದಳು" ಎನ್ನುವುದಕ್ಕೂ ಏನು ವ್ಯತ್ಯಾಸ?

ಹಳದಿ ಎಲೆ ರೋಗಕ್ಕೆ ತೋಟವೇ ಬೋಳಾಗಿ, ಉಳಿದದ್ದನ್ನು ಎಲೆಚುಕ್ಕಿ ರೋಗ ತಿನ್ನುತ್ತಿರುವಾಗ, ಬೆಳೆಗಾರನಿಗೆ "ನೀನು ಪಾಪದ ಬೆಳೆ ಬೆಳೆಯುತ್ತಿದ್ದೀ" ಎಂದು ಹೇಳುವವನ ಪಕ್ಷ ನನ್ನದಲ್ಲ. ಮಾಡುವವನ ಪಾಪಕ್ಕೂ, ದೂರದಿಂದ ಅದರಲ್ಲಿ ಪಾಲಾಗುವವನ ಹೊಣೆಗೂ ಧರ್ಮಸಭೆಯ ನೀತಿಶಾಸ್ತ್ರ ಹಿಂದಿನಿಂದಲೂ ಅಂತರ ಇಟ್ಟಿದೆ. ನನ್ನ ಮಾತು ಇಷ್ಟೇ. ನಮ್ಮ ಬೆನ್ನ ಹಿಂದೆಯೂ ಒಂದು ಕೈ ಇದೆ. ಅದನ್ನು ಒಪ್ಪಿಕೊಂಡವನು ಎದುರಿನವನ ಕೈ ಹಿಡಿದು ಎಳೆಯುವಾಗ ಸ್ವಲ್ಪ ಮೆತ್ತಗೆ ಎಳೆಯುತ್ತಾನೆ.

ಧರ್ಮಸಭೆ ತಾನೇ ಈ ಪಾಠವನ್ನು ನಿಧಾನವಾಗಿ ಕಲಿತಿದೆ. 1642ರಲ್ಲಿ ಎಂಟನೇ ಅರ್ಬನ್ ಪೋಪರು ಸ್ಪೇನಿನ ಸೆವಿಲ್ ಧರ್ಮಕ್ಷೇತ್ರದ ದೇವಾಲಯಗಳಲ್ಲಿ ತಂಬಾಕು ಸೇದುವವರಿಗೆ, ಜಗಿಯುವವರಿಗೆ, ನಶ್ಯ ಏರಿಸುವವರಿಗೆ ಬಹಿಷ್ಕಾರದ ಶಿಕ್ಷೆ ವಿಧಿಸಿದರು. ಧರ್ಮಸಭೆಯ ಬಳಿ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಆದರೂ ನಶ್ಯದ ಡಬ್ಬಿ ಸೋಲಲಿಲ್ಲ. 1725ರಲ್ಲಿ ಹದಿಮೂರನೇ ಬೆನೆಡಿಕ್ಟರು ಆ ಶಿಕ್ಷೆಯನ್ನು ರದ್ದು ಮಾಡಿದರು. ಸ್ವತಃ ಅವರಿಗೂ ನಶ್ಯದ ಅಭ್ಯಾಸವಿತ್ತೆಂದು ಹೇಳುವವರಿದ್ದಾರೆ, ಇರಲಿ. ಇತ್ತೀಚೆಗೆ ಪೋಪ್ ಫ್ರಾನ್ಸಿಸರು ಮಾಡಿದ್ದು ಬೇರೆ ರೀತಿಯದು. ವ್ಯಾಟಿಕನ್ನಿನ ಅಂಗಡಿಯಲ್ಲಿ ನೌಕರರಿಗೆ ಕಡಿಮೆ ಬೆಲೆಗೆ ಸಿಗರೇಟು ಮಾರಲಾಗುತ್ತಿತ್ತು, ಅದರಿಂದ ಒಳ್ಳೆಯ ಆದಾಯವೂ ಇತ್ತು. ಜನರ ಆರೋಗ್ಯಕ್ಕೆ ಕೆಡುಕಾದದ್ದರಲ್ಲಿ ತಾನು ಪಾಲುಗೊಳ್ಳಲಾರೆನೆಂದು ಹೇಳಿ, 2018ರಿಂದ ಆ ಮಾರಾಟವನ್ನು ಅವರು ನಿಲ್ಲಿಸಿದರು. ಸೇದುವವನ ಕಡೆ ಬೆರಳು ತೋರಿಸಲಿಲ್ಲ, ತಮ್ಮ ಲಾಭವನ್ನು ಬಿಟ್ಟರು. ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಚಂದಾ ಎತ್ತುವಾಗ, ಸಂತೆ ಅಂಗಡಿಗಳಿಗೆ ಜಾಗ ಕೊಡುವಾಗ, ಮದುವೆ ಮನೆಯಲ್ಲಿ ತಟ್ಟೆ ತುಂಬುವಾಗ ಇದನ್ನು ನೆನೆಯಬಹುದು.

ಹಾಗಾದರೆ ಬೀಡಿ ಸೇದುವುದು ಪಾಪವೇ, ಅಲ್ಲವೇ? ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆ ಇದು. ಅವರ ಅಪ್ಪಂದಿರು ಮಕ್ಕಳ ಬಾಯಿಂದ ಕೇಳಿಸುವ ಪ್ರಶ್ನೆಯೂ ಹೌದು! ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ಆಹಾರ, ಮದ್ಯ, ತಂಬಾಕು, ಔಷಧ ಇವುಗಳ ಅತಿಬಳಕೆಯನ್ನು ಮಿತಭಾವಕ್ಕೆ ವಿರುದ್ಧವಾದದ್ದೆಂದು ಒಟ್ಟಿಗೆ ಎಣಿಸುತ್ತದೆ. ಅದೇ ಗ್ರಂಥದ 1735ನೇ ಪರಿಚ್ಛೇದ ಅಜ್ಞಾನ, ಭಯ, ಅಭ್ಯಾಸ ಮುಂತಾದವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು ಎನ್ನುತ್ತದೆ. ಹನ್ನೆರಡನೇ ವಯಸ್ಸಿಗೆ ತೋಟದ ಕೆಲಸಕ್ಕೆ ಹೋಗಿ, ಚಳಿಗೆ, ಹಸಿವಿಗೆ, ಉಂಬಳದ ಕಾಟಕ್ಕೆ ದೊಡ್ಡವರೇ ಕೈಗಿತ್ತ ಬೀಡಿಯಿಂದ ಶುರು ಮಾಡಿದವನ ಹೊಣೆಯೂ, ಎಲ್ಲ ತಿಳಿದು ಇಂದು ಕಾಲೇಜಿನಲ್ಲಿ ಹಚ್ಚುವವನ ಹೊಣೆಯೂ ಒಂದೇ ಅಲ್ಲ. ನನ್ನ ಪಪ್ಪ ಮೊದಲನೆಯ ಗುಂಪಿನವರು. ಇದನ್ನು ನಾನು ಎಂದೂ ಕೇಳಿ ತಿಳಿದುಕೊಂಡಿರಲಿಲ್ಲ.

ಇಷ್ಟೆಲ್ಲ ಹೇಳಿದರೆ, "ಹಾಗಾದರೆ ಸುಮ್ಮನಿರಬೇಕೇ? ಮನೆಯಲ್ಲಿ ಹಸುಗೂಸು ಹೊಗೆ ಕುಡಿಯಬೇಕೇ?" ಎಂದು ನೀವು ಕೇಳುತ್ತೀರಿ. ಖಂಡಿತ ಬೇಡ. ಬೇರೆಯವರ ಹೊಗೆಯೂ ಮಗುವಿನ ಎದೆಗೆ ಕೆಡುಕು. ಅದನ್ನು ಹೇಳದಿರುವುದು ಪ್ರೀತಿಯಲ್ಲ, ಹೇಡಿತನ. ಆದರೆ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಸ್ವಾಮಿ ಅದಕ್ಕೊಂದು ಕ್ರಮ ಹೇಳಿಕೊಟ್ಟಿದ್ದಾರೆ. ತಪ್ಪಿದ ಸಹೋದರನ ಬಳಿ ಮೊದಲು ನೀನೊಬ್ಬನೇ ಹೋಗು, ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಇನ್ನೊಬ್ಬಿಬ್ಬರು. ಸಭೆಯ ಮುಂದೆ ಇಡುವುದು ಎಲ್ಲಕ್ಕೂ ಕೊನೆಗೆ. ನಾನು ಮೊದಲ ಮೆಟ್ಟಿಲನ್ನೇ ತುಳಿಯದೆ ನೇರ ಕೊನೆಯದಕ್ಕೆ ಹಾರಿದ್ದೆ. ಒಮ್ಮೆಯಾದರೂ ಅಡಿಕೆ ಒಲೆಯ ಬಳಿ ಪಪ್ಪನ ಪಕ್ಕ ಕೂತು, "ಯಾವಾಗ ಶುರು ಮಾಡಿದಿರಿ ಪಪ್ಪಾ? ಬಿಡಬೇಕು ಅಂತ ಎಂದಾದರೂ ಅನ್ನಿಸಿದೆಯಾ?" ಎಂದು ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ.

ಬಿಡಲು ಹೊರಟವರ ಮನೆಯವರಿಗೆ ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಮೊದಲ ಮೂರು ನಾಲ್ಕು ದಿನ ಅತ್ಯಂತ ಕಷ್ಟ. ಆಗ ಸಿಡುಕು, ತಲೆನೋವು, ನಿದ್ದೆ ಬಾರದಿರುವುದು ಸಹಜ, ಅದು ದುರಹಂಕಾರವಲ್ಲ. ಮೂರು ನಾಲ್ಕು ವಾರಗಳಲ್ಲಿ ಅದು ಬಹಳಷ್ಟು ಇಳಿಯುತ್ತದೆ. ಸೇದಲೇಬೇಕೆಂಬ ತುಡಿತ ಬಂದಾಗ ಅದರ ತೀವ್ರತೆ ಹೆಚ್ಚಾಗಿ ಕೆಲವೇ ನಿಮಿಷ, ಜಪಸರದ ಒಂದು ರಹಸ್ಯ ಹೇಳಿ ಮುಗಿಸುವಷ್ಟು ಹೊತ್ತು. ಆ ಹೊತ್ತನ್ನು ಒಬ್ಬನೇ ದಾಟುವುದು ಬೇರೆ, ಯಾರಾದರೂ ಪಕ್ಕದಲ್ಲಿ ಕೂತು ದಾಟಿಸುವುದು ಬೇರೆ. ಜಾರಿ ಒಮ್ಮೆ ಸೇದಿದರೆ ಎಲ್ಲ ಮುಗಿಯಿತೆಂದಲ್ಲ. ಅನೇಕರು ಹಲವು ಬಾರಿ ಬಿದ್ದೆದ್ದೇ ಕೊನೆಗೆ ಬಿಡುತ್ತಾರೆ. ವೈದ್ಯರನ್ನು ಕೇಳಿದರೆ ತುಡಿತ ತಗ್ಗಿಸುವ ಔಷಧಿಗಳಿವೆ. 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ಸಿಗುತ್ತದೆ, ಆ ಸಂಖ್ಯೆ 2018ರಿಂದ ಪೊಟ್ಟಣದ ಮೇಲೆಯೇ ಅಚ್ಚಾಗುತ್ತಿದೆ. ಔಷಧಿ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎಂದು ದಯವಿಟ್ಟು ಯಾರೂ ಹೇಳಬೇಡಿ.

ಮೇ 31 ವಿಶ್ವ ತಂಬಾಕು ರಹಿತ ದಿನ. ಅದೇ ದಿನ ನಮ್ಮ ಪಂಚಾಂಗದಲ್ಲಿ ಮರಿಯಮ್ಮನವರು ಎಲಿಜಬೇತಳನ್ನು ಸಂದರ್ಶಿಸಿದ ಹಬ್ಬ. ಎರಡೂ ಒಂದೇ ದಿನ ಬಂದದ್ದು ಆಕಸ್ಮಿಕ. ಆದರೂ ನನಗೆ ಪ್ರಿಯ. ಮರಿಯಮ್ಮನವರು ಎಲಿಜಬೇತಳ ಮನೆಗೆ ಬುದ್ಧಿ ಹೇಳಲು ಹೋಗಲಿಲ್ಲ. ಬೆಟ್ಟದ ಸೀಮೆಗೆ ನಡೆದುಹೋಗಿ ಸುಮಾರು ಮೂರು ತಿಂಗಳು ಜೊತೆಗಿದ್ದರೆಂದು ಲೂಕರು ಬರೆದಿದ್ದಾರೆ. ಭಿತ್ತಿಪತ್ರ ಬರೆಸುವ ಆ ದಿನ ಧರ್ಮಕೇಂದ್ರದಲ್ಲಿ ಬಿಡಲು ಹೊರಟ ಒಬ್ಬರ ಮನೆಗಾದರೂ ಹೋಗಿಬರುವವರು ಇದ್ದಾರೆಯೇ ಎಂದು ನಮ್ಮ ಕಿರು ಸಮುದಾಯದಲ್ಲಿ ಕೇಳಿದ್ದೇನೆ. ಇಬ್ಬರು ಕೈ ಎತ್ತಿದ್ದಾರೆ.

ನನ್ನ ತಮ್ಮನೂ ಸೇದುತ್ತಾನೆ. ತೋಟ ನೋಡಿಕೊಳ್ಳುವವನು ಅವನೇ. ಕಳೆದ ತಪಸ್ಸು ಕಾಲದಲ್ಲಿ ವಿಭೂತಿ ಬುಧವಾರ ಅವನೇ ಬಂದು, "ಅಕ್ಕಾ, ಬಿಡೋಣ ಅಂತ ಇದೀನಿ. ಯಾರಿಗೂ ಹೇಳಬೇಡ" ಎಂದ. ಯಾರಿಗೂ ಹೇಳಲಿಲ್ಲ. ದಿನಾ ಸಂಜೆ ಫೋನು ಮಾಡುತ್ತಿದ್ದೆ, ಬೀಡಿಯ ಮಾತೆತ್ತದೆ ಮಳೆ, ಕೊಳೆ, ಅಡಿಕೆ ಧಾರಣೆ ಕೇಳುತ್ತಿದ್ದೆ. ಹದಿನೇಳನೆಯ ದಿನ ಅವನೇ ಫೋನು ಮಾಡಿದ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಕ್ಕಾ, ಇವತ್ತು ಎರಡು ಸೇದಿಬಿಟ್ಟೆ" ಎಂದ. ನನ್ನ ನಾಲಿಗೆಯ ತುದಿಗೆ ಹಳೆಯ ಮಾತೇ ಬಂತು. ನುಂಗಿಕೊಂಡು, "ಊಟ ಆಯ್ತಾ? ಇಲ್ಲಾಂದ್ರೆ ಇಲ್ಲಿಗೇ ಬಾ, ಮೀನು ಸಾರು ಇದೆ" ಎಂದೆ. ಬಂದ.